ಇಂದಾಪುರದ ಮಣ್ಣಿನ ಬಣ್ಣ

ನಮ್ಮ ಸ್ಟುಡಿಯೋದಲ್ಲಿ ಯಾವ ಲೆನ್ಸನ್ನು ಬೇಕಾದರೂ ಯಾವ ಕ್ಯಾಮೆರಾಕ್ಕೆ ಬೇಕಾದರೂ ಹಾಕಬಹುದಿತ್ತು. ಅಪ್ಪ ಬಾಯಿಬಿಟ್ಟು ಹೆಮ್ಮೆಪಡುತ್ತಿದ್ದ ಸಂಗತಿ ಅದೊಂದೇ. ಧಾರವಾಡದಿಂದ ಪುಣೆಗೆ ಬಂದು ಧನಕವಡಿಯಲ್ಲಿ ಒಂದು ಶಟರಿನ ಅಂಗಡಿ ಹಿಡಿದಾಗ ಅವನ ಹತ್ತಿರ ಒಂದು ಕ್ಯಾಮೆರಾ, ಒಂದು ಲೆನ್ಸ್ ಇತ್ತಂತೆ. ಆಮೇಲೆ ಕೊಂಡದ್ದೆಲ್ಲ ಅದೇ ಕಂಪನಿಯದು. ಬೇರೆ ಕಂಪನಿಯ ಮಾಲು ಎಷ್ಟು ಅಗ್ಗಕ್ಕೆ ಬಂದರೂ ಒಮ್ಮೆ ಕೈಯಲ್ಲಿ ಹಿಡಿದು ನೋಡಿ ವಾಪಸು ಕೊಡುತ್ತಿದ್ದ. ಕ್ಯಾಮೆರಾದ ಬಾಯಲ್ಲಿ ಲೆನ್ಸ್ ಬಂದು ಕೂರುವ ಉಕ್ಕಿನ ಬಳೆ ಇರುತ್ತದಲ್ಲ, ಅದರ ಮೇಲೆ ಹೆಬ್ಬೆರಳು ಆಡಿಸಿ ನಮಗೆ ಹೇಳುತ್ತಿದ್ದ:

"ಈ ಬಳಿ ಒಂದ ಇರಬೇಕು. ಇದು ಒಂದ ಇದ್ರ ಮನ್ಯಾಗ ಯಾರ ಲೆನ್ಸೂ ಯಾರಿಗೂ ಪರಕೀ ಅಲ್ಲ."

ಮನೆ ಎಂದರೆ ಅಂಗಡಿಯ ಮೇಲಿನ ಮೂರು ಕೋಣೆ. ಅಪ್ಪ, ಅವ್ವ, ನಾನು. ಅಪ್ಪನ ತಮ್ಮ, ಅಂದರೆ ಕಾಕಾ, ಅವನ ಹೆಂಡತಿ, ಅವನ ಮಗ. ಎಲ್ಲರಿಗೂ ಹಿರಿಯಳಾಗಿ ಅಜ್ಜಿ. ಕೆಳಗೆ ಅಂಗಡಿಯಲ್ಲಿ ಎರಡು ಫಿಲ್ಮ್ ಕ್ಯಾಮೆರಾ, ನಾಲ್ಕು ಲೆನ್ಸ್. ತೊಂಬತ್ತರ ದಶಕದಲ್ಲಿ ನಾನು ಶಾಲೆಯಲ್ಲಿದ್ದಾಗ ಮದುವೆಗೆ ಅಣ್ಣ ತಮ್ಮ ಇಬ್ಬರೂ ಹೋಗುತ್ತಿದ್ದರು, ಒಬ್ಬ ಗಂಡಿನ ಕಡೆ, ಒಬ್ಬ ಹೆಣ್ಣಿನ ಕಡೆ. ನಾನು ಚೀಲ ಕಾಯಲು ಹೋಗುತ್ತಿದ್ದೆ. ಅಕ್ಷತೆ ಬೀಳುವ ಹೊತ್ತಿಗೆ ಅಪ್ಪ ಕಣ್ಣು ಕ್ಯಾಮೆರಾದಿಂದ ತೆಗೆಯದೆ ಎಡಗೈಯನ್ನು ಹಿಂದಕ್ಕೆ ಚಾಚಿದರೆ ಸಾಕು, ಕಾಕಾ ತನ್ನ ಕ್ಯಾಮೆರಾದ ಉದ್ದ ಲೆನ್ಸನ್ನು ಬಿಚ್ಚಿ ಆ ಅಂಗೈಯಲ್ಲಿ ಇಡುತ್ತಿದ್ದ. ಅಪ್ಪನದು ಕಾಕಾನ ಕೈಗೆ ಹೋಗುತ್ತಿತ್ತು. ಅವರಿಬ್ಬರು ಮನೆಯಲ್ಲಿ ಅಷ್ಟು ಸಲೀಸಾಗಿ ಏನನ್ನೂ ಕೊಟ್ಟು ತೆಗೆದುಕೊಂಡದ್ದನ್ನು ನಾನು ನೋಡಿಲ್ಲ.

ನನಗೆ ಬರೆದಿಡುವ ಚಟ. ಫಿಲ್ಮಿನ ಏಜಂಟರು ಹೊಸ ವರ್ಷಕ್ಕೆ ಕೊಡುತ್ತಿದ್ದ ಡೈರಿಗಳು ಏಳನೆಯ ಇಯತ್ತೆಯಿಂದ ನನ್ನ ಪಾಲಿಗೆ ಬರುತ್ತಿದ್ದವು. ತಾರೀಖು, ಊರು, ಎಷ್ಟು ರೋಲು, ಯಾವ ಕ್ಯಾಮೆರಾಕ್ಕೆ ಯಾವ ಲೆನ್ಸ್, ಊಟಕ್ಕೆ ಏನಿತ್ತು. ಕಾಕಾ ನನ್ನನ್ನು ತಲಾಠಿ, ಅಂದರೆ ಊರ ಲೆಕ್ಕ ಬರೆಯುವ ಶಾನುಭೋಗ, ಎಂದು ಕರೆಯುತ್ತಿದ್ದ. ಆಗ ಅದರಲ್ಲಿ ಕಹಿ ಇರಲಿಲ್ಲ.

ಲೆನ್ಸ್ ಬದಲಿಸುವುದನ್ನು ಅಪ್ಪ ನನಗೆ ಹಾಸಿಗೆಯ ಮೇಲೆ ಕೂರಿಸಿ ಕಲಿಸಿದ. ಕ್ಯಾಮೆರಾದ ಬಾಯಿ ನೆಲದ ಕಡೆ ಇರಬೇಕು. ಗಾಳಿಗೆ ಬೆನ್ನು ಕೊಡಬೇಕು. ಹಾಕಬೇಕಾದ ಲೆನ್ಸಿನ ಹಿಂದಿನ ಮುಚ್ಚಳ ಮೊದಲೇ ಸಡಿಲವಾಗಿರಬೇಕು. ಇದನ್ನು ತೆಗೆದು ಅದನ್ನು ಕೂರಿಸುವ ನಡುವೆ ಒಂದು ಉಸಿರು, ಹೆಚ್ಚಿಲ್ಲ. ಕಣ್ಣು ಮುಚ್ಚಿಸಿ ಮಾಡಿಸಿದ, ಅವ್ವನ ಸೆರಗಿನ ಕೆಳಗೆ ಮಾಡಿಸಿದ. ಅವ್ವ ಅನ್ನುತ್ತಿದ್ದಳು, ಬೇರೆ ಹುಡುಗಿಯರು ಚಪಾತಿ ಲಟ್ಟಿಸಲು ಇಷ್ಟು ಕಲಿಯುವುದಿಲ್ಲ ಎಂದು. ಕಾಲೇಜಿಗೆ ಸೇರಿದ ಮೇಲೆ ನಾನು ಚೀಲ ಬಿಟ್ಟು ಕ್ಯಾಮೆರಾ ಹಿಡಿದೆ. ಮದುಮಗಳ ಕೋಣೆಯೊಳಗೆ ಗಂಡಸು ಫೋಟೋದವನು ಬೇಡ ಅನ್ನುವ ಮನೆಗಳು ಹೆಚ್ಚಾಗುತ್ತಿದ್ದವು. ಸೀರೆ ಉಡಿಸುವುದು, ಬಳೆ ಇಡಿಸುವುದು, ತಾಯಿ ಅಳುವುದು, ಇವೆಲ್ಲ ನನ್ನವು. ಆ ಕಾರಣಕ್ಕೇ ನಮಗೆ ಮದುವೆಗಳು ಬರುತ್ತಿದ್ದವು ಎಂದು ಈಗಲೂ ಹೇಳಬಲ್ಲೆ.

ಆ ಹೊತ್ತಿಗೆ ಪುಣೆಯಲ್ಲಿ ಡಿಜಿಟಲ್ ಬಂದಾಗಿತ್ತು. ನಮ್ಮ ಓಣಿಯ ಇನ್ನೊಂದು ಸ್ಟುಡಿಯೋದವರು ಹಳೆಯದೆಲ್ಲ ಮಾರಿ ಹೊಸ ಕಂಪನಿಯ ಸಾಮಾನು ತಂದರು. ಅಪ್ಪ ಕಾದ. ತನ್ನ ಕಂಪನಿ ತನ್ನ ಹಳೆಯ ಲೆನ್ಸು ಕೂರುವ ಡಿಜಿಟಲ್ ಬಾಡಿಯನ್ನು ನಮ್ಮಂಥವರಿಗೆ ಎಟುಕುವ ಬೆಲೆಗೆ ಕೊಡುವ ತನಕ ಕಾದ. ೨೦೦೪ರ ಮಳೆಗಾಲದಲ್ಲಿ ಅದು ಬಂತು. ಜೊತೆಗೆ ಬರುವ ಲೆನ್ಸ್ ಬೇಡ ಎಂದು ಬರೀ ಬಾಡಿ ತಂದ. ಅಂಗಡಿಯ ಶಟರ್ ಅರ್ಧ ಎಳೆದು, ನಾನು ಹುಟ್ಟುವ ಮೊದಲು ಕೊಂಡ ಲೆನ್ಸನ್ನು ಅದರ ಬಾಯಿಗಿಟ್ಟು ತಿರುಗಿಸಿದ. ಕಟ್ ಎಂದು ಕೂತಿತು. ಅಪ್ಪ ಯಾರ ಮುಖವನ್ನೂ ನೋಡದೆ ಇನ್ನೊಮ್ಮೆ ಬಿಚ್ಚಿ ಇನ್ನೊಮ್ಮೆ ಕೂರಿಸಿದ. ಆಮೇಲೆ ಅದನ್ನು ನನ್ನ ಕೈಗೆ ಕೊಟ್ಟು, ಇದು ಇನ್ನು ನೀನೇ ಹಿಡಿ ಎಂದ.

ಕಾಕಾ ಅಲ್ಲೇ ಇದ್ದ. ನಗುತ್ತ ಹೇಳಿದ, "ಲಗ್ನಾಗಿ ಹೋಗೂ ಹುಡಿಗಿ ಕೈಯಾಗ ಇಷ್ಟು ತುಟ್ಟೀದು ಕೊಡ್ತೀಯೇನಣ್ಣಾ?"

"ಹೋಗೂ ತನಕ ಹಿಡೀಲಿ," ಎಂದ ಅಪ್ಪ.

ಕಾಕಾನ ಮಗ ಆಗ ಬಿ.ಕಾಂ. ಎರಡನೆಯ ವರ್ಷದಲ್ಲಿದ್ದ, ಕ್ರಿಕೆಟ್ಟು ಬಿಟ್ಟರೆ ಯಾವುದರ ಮೇಲೂ ಮನಸ್ಸಿರಲಿಲ್ಲ. ಹಾಗಾಗಿ ಅಪ್ಪನ ಮಾತನ್ನು ನಾನು ಪೂರ್ತಿ ನಂಬಿದೆ. ಆ ಬಾಡಿ ನನ್ನದು, ಅದರಿಂದ ನಾನು ನನ್ನ ಬದುಕು ಕಟ್ಟಿಕೊಳ್ಳುತ್ತೇನೆ ಎಂದು ಆ ರಾತ್ರಿ ಡೈರಿಯಲ್ಲಿ ಬರೆದುಕೊಂಡೆ. ದೊಡ್ಡ ಅಕ್ಷರದಲ್ಲಿ.

ಹೊಸ ಕ್ಯಾಮೆರಾದ ಸ್ವಭಾವ ತಿಳಿಯಲು ನನಗೆ ಸ್ವಲ್ಪ ದಿನ ಬೇಕಾಯಿತು. ಹಳೆಯ ಅಗಲ ಲೆನ್ಸು ಇದರ ಮೇಲೆ ಅಷ್ಟು ಅಗಲ ಕಾಣುತ್ತಿರಲಿಲ್ಲ. ಗುಂಪಿನ ಫೋಟೋಕ್ಕೆ ಮೊದಲಿಗಿಂತ ಹಿಂದೆ ಸರಿಯಬೇಕು. ಬ್ಯಾಟರಿ ಬದಲಿಸಬಹುದು, ಕಾರ್ಡು ಬದಲಿಸಬಹುದು, ಫ್ಲ್ಯಾಶು, ಪಟ್ಟಿ, ಲೆನ್ಸು ಬದಲಿಸಬಹುದು. ಫಿಲ್ಮ್ ಇದ್ದಾಗ ಪ್ರತಿ ಫೋಟೋಕ್ಕೂ ಹೊಸ ತುಂಡು ಸರಿದು ಬರುತ್ತಿತ್ತು. ಧೂಳು ಬಿದ್ದರೆ ಆ ಒಂದು ಫೋಟೋದ ಜೊತೆ ಹೋಗುತ್ತಿತ್ತು. ಇದರಲ್ಲಿ ಬೆಳಕು ಬೀಳುವ ಜಾಗ ಒಂದೇ. ಮೊದಲ ಫೋಟೋಕ್ಕೂ ಕಡೆಯ ಫೋಟೋಕ್ಕೂ ಅದೇ ಚೂರು. ಎಲ್ಲವನ್ನೂ ಬದಲಿಸಬಹುದಾದ ಆ ಯಂತ್ರದಲ್ಲಿ ಬದಲಿಸಲಾಗದ್ದು ಅದೊಂದು. ಅದರ ಮೇಲೆ ಏನಾದರೂ ಕೂತರೆ ಎಲ್ಲ ಫೋಟೋಗಳ ಮೇಲೂ ಕೂತ ಹಾಗೆ.

ಇದು ನನಗೆ ಗೊತ್ತಿತ್ತು. ಅಪ್ಪನಿಗೂ ಗೊತ್ತಿತ್ತು, ಕೈಪಿಡಿಯ ಆ ಪುಟವನ್ನು ನಾನೇ ಓದಿ ಹೇಳಿದ್ದೆ.

ಖಂಡೆನವಮಿಯ ಆಯುಧಪೂಜೆಯಲ್ಲಿ ನಮ್ಮ ಮನೆಯದು ಒಂದು ಪದ್ಧತಿ ಇತ್ತು. ಸಾಮಾನುಗಳನ್ನು ಬಿಚ್ಚಿ ಇಡಬೇಕು. ಅಜ್ಜ ಧಾರವಾಡದಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದನಂತೆ. ಆ ದಿನ ಗಡಿಯಾರಗಳ ಬೆನ್ನು ತೆಗೆದು ಗಾಲಿಗಳು ಕಾಣುವ ಹಾಗೆ ಕೆಂಪು ಬಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದನಂತೆ. ಅಜ್ಜ ಹೋದ ಮೇಲೆ ಅಜ್ಜಿ ಅದನ್ನು ಕ್ಯಾಮೆರಾಕ್ಕೆ ತಂದಳು. ಲೆನ್ಸ್ ಬೇರೆ, ಬಾಡಿ ಬೇರೆ, ಹಿಂದಿನ ಬಾಗಿಲು ತೆರೆದು, ಅರಿಷಿಣ ಕುಂಕುಮ ಏರಿಸಿ, ಹೂ ಇಟ್ಟು ಆರತಿ. ಫಿಲ್ಮ್ ಕ್ಯಾಮೆರಾಕ್ಕೆ ಅದರಿಂದ ಏನೂ ಆಗುತ್ತಿರಲಿಲ್ಲ. ಮರುದಿನ ಅಪ್ಪ ರಬ್ಬರಿನ ಪಂಪಿನಿಂದ ಊದಿ, ಕುಂಚದಿಂದ ಒರೆಸಿ ಮುಚ್ಚುತ್ತಿದ್ದ.

ಆ ವರ್ಷ ಅಜ್ಜಿಗೆ ಆರಾಮ ಇರಲಿಲ್ಲ. ಕುರ್ಚಿಯ ಸಮೇತ ಎತ್ತಿ ಕೆಳಗೆ ಅಂಗಡಿಗೆ ತಂದು ಕೂರಿಸಿದ್ದರು. ಅಪ್ಪ ಹೊಸ ಬಾಡಿಯನ್ನು ಮುಚ್ಚಳದ ಸಮೇತ ಇಟ್ಟಿದ್ದ. ಅಜ್ಜಿಯ ಕಣ್ಣು ನೇರ ಅಲ್ಲಿಗೇ ಹೋಯಿತು.

"ಅದನ್ಯಾಕ ಮುಚ್ಚೀದಿ? ಮುಚ್ಚಿಟ್ರ ದೇವಿ ಏನು ನೋಡ್ಯಾಳು?"

ಅಪ್ಪ ಒಂದು ಗಳಿಗೆ ನಿಂತ. ಆಮೇಲೆ ಮುಚ್ಚಳ ತಿರುಗಿಸಿ ತೆಗೆದ. ಕ್ಯಾಮೆರಾ ಬಾಯಿ ಮೇಲೆ ಮಾಡಿಕೊಂಡು ಮಲಗಿತ್ತು, ನನಗೆ ಕಲಿಸಿದ್ದಕ್ಕೆ ಪೂರ್ತಿ ಉಲ್ಟಾ. ಅಜ್ಜಿ ಮಂತ್ರ ಹೇಳುತ್ತಿದ್ದಳು, ಅಪ್ಪ ಒಣ ಕುಂಕುಮವನ್ನು ಚಿಟಿಕೆ ಚಿಟಿಕೆಯಾಗಿ ಎಲ್ಲದರ ಮೇಲೂ ಏರಿಸಿದ. ತಿರುಗುತ್ತಿದ್ದ ಫ್ಯಾನನ್ನು ಯಾರೋ ಆರತಿಯ ಹೊತ್ತಿಗೆ ನಿಲ್ಲಿಸಿದರು, ಅದಕ್ಕಿಂತ ಮೊದಲಲ್ಲ. ನಾವೆಲ್ಲ ನೋಡುತ್ತಿದ್ದೆವು. ಮರುದಿನ ಅಪ್ಪ ಊದಿ, ಒರೆಸಿ, ಮುಚ್ಚಿ ನನಗೆ ಕೊಟ್ಟ. ಒಳಗಿನ ಕನ್ನಡಿಯ ಅಂಚಿನಲ್ಲಿ, ಊದಿದರೂ ಬರದ ಹಾಗೆ ಏನಾದರೂ ಉಳಿದಿದ್ದರೆ, ಅದು ಆಗ ಯಾರಿಗೂ ಕಾಣುವಂತಿರಲಿಲ್ಲ.

ತುಳಸಿ ಲಗ್ನ ಮುಗಿದು ಮದುವೆಗಳು ಶುರುವಾದವು. ಹಾಲ್‌ನೊಳಗೆ, ಫ್ಲ್ಯಾಶಿನ ಬೆಳಕಿನಲ್ಲಿ, ಬೆಳಕು ಒಳಗೆ ಬಿಡುವ ಲೆನ್ಸಿನ ಕಂಡಿ ದೊಡ್ಡದು ಮಾಡಿ ತೆಗೆಯುವಾಗ ಸಣ್ಣ ಧೂಳು ಗೊತ್ತಾಗುವುದಿಲ್ಲ. ಹಾಗಾಗಿ ಮೊದಲಿನ ಮದುವೆಗಳಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ. ಡಿಸೆಂಬರಿನಲ್ಲಿ ಇಂದಾಪುರದ ಮದುವೆ ಬಂತು. ವಿಜಾಪುರದ ಕಡೆಯಿಂದ ಬಂದು ಅಲ್ಲಿ ನೆಲೆಸಿದ ಕನ್ನಡದವರು. ಹುಡುಗಿಯ ತಂದೆ ಎಂದೋ ತೀರಿಕೊಂಡಿದ್ದರು, ತಾಯಿ ಶಾಲೆಯಲ್ಲಿ ಕಲಿಸಿ ಮಗಳನ್ನು ಬೆಳೆಸಿದ್ದರು. ಅಪ್ಪ, ಕಾಕಾ, ನಾನು ಸ್ವಾರಗೇಟಿನಿಂದ ಎಸ್.ಟಿ. ಬಸ್ಸಿನಲ್ಲಿ ಹೋದೆವು. ದಾರಿಯುದ್ದಕ್ಕೂ ಕಬ್ಬಿನ ಗಾಡಿಗಳು, ಕಟಾವಾದ ಹೊಲಗಳಲ್ಲಿ ಕರಿ ಮಣ್ಣು.

ಊಟಕ್ಕಿಂತ ಮೊದಲು ಹಾಲಿನ ಹೊರಗೆ ಬಯಲಿನಲ್ಲಿ ಎಲ್ಲರದೂ ಸೇರಿ ಒಂದು ದೊಡ್ಡ ಗುಂಪಿನ ಫೋಟೋ ಬೇಕು ಎಂದರು. ಜನ ನಾನು ಎಣಿಸಿದ್ದಕ್ಕಿಂತ ಹೆಚ್ಚು ಬಂದು ನಿಂತರು. ಹಾಕಿದ್ದ ಲೆನ್ಸಿನಲ್ಲಿ ಅವರು ಹಿಡಿಸಲಿಲ್ಲ. ಹಿಂದೆ ಸರಿಯಲು ಕಾಂಪೌಂಡು ಅಡ್ಡ. ಅಗಲ ಲೆನ್ಸ್ ಹಾಕಲೇಬೇಕಾಯಿತು. ಗಾಳಿಗೆ ಬೆನ್ನು ಕೊಟ್ಟು, ಚೀಲದ ಬಾಯೊಳಗೆ ಕ್ಯಾಮೆರಾ ಕೆಳಮುಖ ಮಾಡಿ, ಒಂದು ಉಸಿರಿನಲ್ಲಿ ಬದಲಿಸಿದೆ. ಕಾಕಾ ಜನರನ್ನು ಸಾಲು ಮಾಡಿಸುತ್ತ ನೋಡುತ್ತಿದ್ದ. ಮುಂದಿನ ಸಾಲು, ಹಿಂದಿನ ಸಾಲು ಎಲ್ಲ ಸ್ಪಷ್ಟ ಬರಲಿ ಎಂದು ಕಂಡಿ ಪೂರ್ತಿ ಸಣ್ಣದು ಮಾಡಿದೆ. ಮದುಮಗಳ ತಾಯಿ ಎಲ್ಲರಿಗಿಂತ ಹಿಂದೆ, ಮೆಟ್ಟಿಲಿನ ಮೇಲೆ ನಿಂತಿದ್ದರು. ಮುಂದೆ ಬರ್ರಿ ಎಂದರೂ ಬರಲಿಲ್ಲ. ಮಂಗಲಕಾರ್ಯದಲ್ಲಿ ತಾನು ಮುಂದೆ ನಿಲ್ಲಬಾರದು ಎಂದು ಅವರೇ ತೀರ್ಮಾನಿಸಿಕೊಂಡಿದ್ದರು.

ಸಣ್ಣ ಪ್ರಿಂಟುಗಳು ಚೆನ್ನಾಗಿ ಬಂದವು. ಕಾಕಾ ಕಂಪ್ಯೂಟರಿನಲ್ಲಿ ನೋಡಿ ಸೀಡಿ ಮಾಡಿ ಲ್ಯಾಬಿಗೆ ಕೊಡುತ್ತಿದ್ದ. ಗುಂಪಿನ ಫೋಟೋವನ್ನು ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ ಎರಡು ಪ್ರತಿ ಕಳಿಸಿದೆವು, ಒಂದು ಅವರಿಗೆ, ಒಂದು ಬೀಗರಿಗೆ.

ವರ್ಷದ ಕೊನೆಯ ವಾರ ಆ ತಾಯಿ ಒಬ್ಬರೇ ಬಸ್ಸು ಹತ್ತಿ ಬಂದರು. ಹಳೆಯ ಸೀರೆಯಲ್ಲಿ ಸುತ್ತಿದ್ದ ಚೌಕಟ್ಟನ್ನು ಕೌಂಟರಿನ ಮೇಲೆ ಇಟ್ಟು ಬಿಚ್ಚಿದರು. ಅಪ್ಪ ಚಹಾ ಹೇಳಿದ, ಬೇಡ ಎಂದರು. ಹಿಂದಿನ ಸಾಲಿನಲ್ಲಿ ಅವರ ಮುಖದ ಮೇಲೆ ಬೆರಳಿಟ್ಟರು. ಹಣೆಯ ನಡುವೆ, ಸರಿಯಾಗಿ ಎರಡು ಹುಬ್ಬಿನ ಮಧ್ಯೆ, ಒಂದು ದುಂಡನೆಯ ಮಬ್ಬು ಚುಕ್ಕೆ. ಪಕ್ಕದ ಗೋಡೆಯ ಮೇಲೆ ಇನ್ನೂ ಎರಡು ಚುಕ್ಕೆಗಳಿದ್ದವು, ಆದರೆ ಅವು ಗೋಡೆಯ ಮೇಲಿದ್ದವು.

"ಅವರು ಹೋದಾಗಿಂದ ನಾ ಹಚ್ಚಿಲ್ರಿ," ಎಂದರು. "ನೀವು ಹಚ್ಚಿ ಕೊಟ್ಟೀರಿ. ಬೀಗರ ಮನ್ಯಾಗ ಗ್ವಾಡಿಗೆ ಹಾಕ್ಯಾರ. ನನ್ನ ಮಗಳು ದಿನಾ ಅದರ ಮುಂದ ಓಡ್ಯಾಡಬೇಕು."

ಅವರ ದನಿ ಏರಲಿಲ್ಲ. ಅದು ಏರಿದ್ದರೆ ನಮಗೆ ಸುಲಭವಾಗುತ್ತಿತ್ತು. ಅಪ್ಪ ಕೈ ಮುಗಿದು ಹೊಸದು ಮಾಡಿಸಿ ಕೊಡುತ್ತೇವೆ, ಬೀಗರ ಮನೆಯದನ್ನೂ ನಾವೇ ಹೋಗಿ ಬದಲಿಸುತ್ತೇವೆ ಎಂದ. ಚುಕ್ಕೆ ಎಲ್ಲಿಂದ ಬಂತು ಎಂದು ಅವರು ಕೇಳಿದರು. ಕಾಕಾ ತಕ್ಷಣ ಉತ್ತರ ಕೊಟ್ಟ:

"ಹುಡಿಗಿ ಬಯಲಾಗ ಲೆನ್ಸ್ ಬಿಚ್ಚಿದ್ಲ್ರೀ. ಧೂಳು ಒಳಗ ಹೊಕ್ಕದ."

ಆ ತಾಯಿ ನನ್ನ ಕಡೆ ನೋಡಿದರು. ನಾನು ಅವರ ಮಗಳಿಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು. ಚೌಕಟ್ಟನ್ನು ಮಾತ್ರ ಬಿಟ್ಟು ಸೀರೆಯನ್ನು ಮಡಚಿಕೊಂಡು ಹೋದರು. ಅಪ್ಪ ಅವರನ್ನು ರಿಕ್ಷಾದ ತನಕ ಬಿಟ್ಟು ಬಂದು, ಕೌಂಟರಿನ ಮೇಲೆ ಇದ್ದ ಡಿಜಿಟಲ್ ಬಾಡಿಯನ್ನು ಎತ್ತಿ ಕಪಾಟಿನಲ್ಲಿಟ್ಟು ಬೀಗ ಹಾಕಿದ. ಕೀಲಿಯನ್ನು ನನಗೆ ಕೊಡಲಿಲ್ಲ.

ಎರಡು ದಿನ ಕಳೆದ ಮೇಲೆ, ಅಪ್ಪ ಲ್ಯಾಬಿಗೆ ಹೋಗಿದ್ದಾಗ, ಅವ್ವನಿಂದ ಕೀಲಿ ಈಸಿಕೊಂಡು ಗಚ್ಚಿಗೆ ಹೋದೆ. ಬಿಳಿ ಚಾದರ ಒಣಹಾಕಿ ಅದರ ಫೋಟೋ ತೆಗೆದೆ. ನಾಲ್ಕು ಲೆನ್ಸನ್ನೂ ಒಂದೊಂದಾಗಿ ಡಿಜಿಟಲ್ ಬಾಡಿಗೆ ಹಾಕಿ, ಕಂಡಿ ಅದೇ ಸಣ್ಣ ಅಳತೆಗೆ ಇಟ್ಟು ತೆಗೆದೆ. ಆಮೇಲೆ ಅವೇ ಲೆನ್ಸುಗಳನ್ನು ಫಿಲ್ಮ್ ಬಾಡಿಗೆ ಹಾಕಿ ತೆಗೆದು ರೋಲು ತೊಳೆಸಿದೆ. ಡಿಜಿಟಲ್ಲಿನ ನಾಲ್ಕರಲ್ಲೂ ಚುಕ್ಕೆಗಳು ಅದೇ ಜಾಗದಲ್ಲಿ, ಮೇಲಿನ ಭಾಗದಲ್ಲಿ. ಫಿಲ್ಮಿನ ನಾಲ್ಕೂ ಶುಭ್ರ. ಎಲ್ಲ ಭಾಗಗಳೂ ಅದಲುಬದಲಾಗುವ ಸಾಮಾನಿನ ದೊಡ್ಡ ಉಪಕಾರ ಇದು. ಯಾವ ಭಾಗದಲ್ಲಿ ದೋಷ ಎಂದು ಯಾರನ್ನೂ ಕೇಳದೆ ಕಂಡುಹಿಡಿಯಬಹುದು. ಖುಷಿಯಿಂದಲೇ ಪ್ರಿಂಟುಗಳನ್ನು ಸಾಲಾಗಿ ಜೋಡಿಸಿ ಕಾಕಾನಿಗೆ ತೋರಿಸಿದೆ. ಲೆನ್ಸ್ ಬದಲಿಸಿದ್ದಕ್ಕೂ ಚುಕ್ಕೆಗೂ ಸಂಬಂಧ ಇಲ್ಲ, ತೊಂದರೆ ಬಾಡಿಯ ಒಳಗಿದೆ ಎಂದೆ.

ಕಾಕಾ ಪ್ರಿಂಟುಗಳನ್ನು ಇಸ್ಪೀಟಿನ ಎಲೆಗಳ ಹಾಗೆ ಒಟ್ಟು ಮಾಡಿ ನನ್ನ ಕೈಗೆ ಕೊಟ್ಟ. "ಅದನ್ನ ನಾವೂ ಹೇಳಲಿಕತ್ತೀವಿ, ತಲಾಠಿ ಬಾಯಿ. ಬಾಡಿ ಒಳಗ ಧೂಳು ಹೊಗಿಸಿದವರು ಯಾರು? ಬಾಡಿ ಯಾರ ಕೈಯಾಗಿತ್ತು?"

ನನ್ನದೇ ಲೆಕ್ಕ ನನ್ನ ಕುತ್ತಿಗೆಗೆ ಬಂದಿತ್ತು. ನೀನೇ ಕೆಡಿಸಿದ್ದು, ನೀನೇ ಹೋಗಿ ತೊಳೆಸಿಕೊಂಡು ಬಾ ಎಂದು ಅವನೇ ನನ್ನನ್ನು ಪುಣೆಯ ಕ್ಯಾಂಪ್ ಭಾಗದಲ್ಲಿದ್ದ ಕಂಪನಿಯ ಸರ್ವಿಸ್ ಸೆಂಟರಿಗೆ ಕಳಿಸಿದ.

ಅಲ್ಲಿ ಟೈ ಕಟ್ಟಿದ ಒಬ್ಬ ಹುಡುಗ, ನನ್ನದೇ ವಯಸ್ಸಿನವನು, ಕ್ಯಾಮೆರಾ ಒಳಗೆ ತೆಗೆದುಕೊಂಡು ಹೋದ. ಸ್ವಲ್ಪ ಹೊತ್ತಿಗೆ ನಗುತ್ತ ಹೊರಗೆ ಬಂದ. ಒಳಗೆ ಒರೆಸಿದ ಸಣ್ಣ ಕಡ್ಡಿಯ ತುದಿಯ ಬಟ್ಟೆಯನ್ನು ದೀಪದ ಕೆಳಗೆ ಹಿಡಿದು, ದಪ್ಪ ಭೂತಗಾಜಿನಿಂದ ನೋಡಿ ಎಂದ. ಬಿಳಿ ಬಟ್ಟೆಯ ಮೇಲೆ ಮೂರು ನಾಲ್ಕು ಕೆಂಪು ಕಣ. ಧೂಳು ಹೀಗಿರುವುದಿಲ್ಲ, ನೀವು ಕ್ಯಾಮೆರಾವನ್ನು ಹಳದಿ-ಕುಂಕುಮಕ್ಕೆ ಕರೆದಿದ್ದಿರೇನು ಎಂದು ಮರಾಠಿಯಲ್ಲಿ ಕೇಳಿದ. ಹಿಂದಿನ ಟೇಬಲ್ಲಿನವನೂ ನಕ್ಕ. ನಾನೂ ನಕ್ಕಿರಬೇಕು. ಪ್ರತಿ ಫೋಟೋಕ್ಕೂ ಒಳಗಿನ ಕನ್ನಡಿ ಏಳುವಾಗ, ಬೀಳುವಾಗ ಅಂಚಿನಲ್ಲಿದ್ದ ಪುಡಿ ಹಾರಿ ಒಳಗೆ ಹೋಗಿದೆ, ಬೆಳಕು ಬೀಳುವ ಚೂರಿನ ತಳದಲ್ಲಿ ಕೂತಿದೆ, ಫೋಟೋ ಒಳಗೆ ತಲೆಕೆಳಗಾಗಿ ಬೀಳುವುದರಿಂದ ಮೇಲೆ ಕಾಣುತ್ತದೆ ಎಂದು ವಿವರಿಸಿದ. ಫೋಟೋದಲ್ಲಿ ಬೂದು ಬಣ್ಣಕ್ಕೆ ತಿರುಗಿದ್ದರಿಂದ ನಮಗ್ಯಾರಿಗೂ ಅದು ಏನೆಂದು ಹೊಳೆದಿರಲಿಲ್ಲ. ಆ ತಾಯಿಯ ಹಣೆಗೆ ಹತ್ತಿದ್ದು ನಿಜವಾಗಿಯೂ ಕುಂಕುಮವೇ.

ಕಡ್ಡಿಯನ್ನು ಕೇಳಿ ತೆಗೆದುಕೊಂಡು, ಫಿಲ್ಮಿನ ಖಾಲಿ ಡಬ್ಬಿಯಲ್ಲಿ ಹಾಕಿಕೊಂಡು ಬಂದೆ. ಬಸ್ಸಿನಲ್ಲಿ ಕೂತು ಏನೇನು ಹೇಳಬೇಕು ಎಂದು ಒಂದೊಂದಾಗಿ ಜೋಡಿಸಿಕೊಂಡೆ. ಮನೆಗೆ ಬಂದಾಗ ಅಪ್ಪ ಅಂಗಡಿಯಲ್ಲಿ ಒಬ್ಬನೇ ಇದ್ದ. ಡಬ್ಬಿ ತೆರೆದು ಕಡ್ಡಿಯನ್ನು ಅವನ ಮುಂದೆ ಇಟ್ಟೆ. ಜೋಡಿಸಿಕೊಂಡದ್ದು ಯಾವುದೂ ಹೇಳಬೇಕಾಗಲಿಲ್ಲ. ಅಪ್ಪ ಕನ್ನಡಕ ಹಣೆಗೇರಿಸಿ, ಕಡ್ಡಿಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದ. ತುದಿಯನ್ನು ಹೆಬ್ಬೆರಳಿಗೆ ಒತ್ತಿದ. ಹೆಬ್ಬೆರಳು ಕೆಂಪಾಯಿತು. ಪೂಜೆಯ ದಿನ ಅದೇ ಬೆರಳು ಹಾಗೆಯೇ ಕೆಂಪಾಗಿದ್ದನ್ನು ನಾನು ನೋಡಿದ್ದೆ, ಅವನೂ ನೋಡಿದ್ದ.

"ಇಂದಾಪುರದ ಮಣ್ಣಿರಬೇಕು," ಎಂದ.

ನಾನು ಹೇಳಿದೆ, "ಇಂದಾಪುರದ ಮಣ್ಣು ಕಪ್ಪದ, ಅಪ್ಪಾ."

ಅವನು ಎದ್ದು ಹಿಂದಿನ ನಳಕ್ಕೆ ಹೋಗಿ ಕೈ ತೊಳೆದುಕೊಂಡ. ಬಂದು ಕಡ್ಡಿಯನ್ನು ಡಬ್ಬಿಯಲ್ಲಿ ಹಾಕಿ, ಡಬ್ಬಿಯನ್ನು ಕಸದ ಬುಟ್ಟಿಗೆ ಹಾಕಿದ. ಮೇಲೆ ಅಜ್ಜಿ ಕೆಮ್ಮುವುದು ಕೇಳಿಸುತ್ತಿತ್ತು. ಅಪ್ಪ ಛಾವಣಿಯ ಕಡೆ ಒಮ್ಮೆ ನೋಡಿದ. ನನ್ನ ಕಡೆ ನೋಡಲಿಲ್ಲ.

ಅವ್ವನಿಗೆ ಎಲ್ಲ ಹೇಳಿದೆ. ಅವಳು ಅಕ್ಕಿ ಆರಿಸುತ್ತ ಕೇಳಿದಳು. ಆರಿಸುವುದು ನಿಲ್ಲಿಸದೆ ಹೇಳಿದಳು, "ಅವರಿಗೆ ಗೊತ್ತಾಗ್ಯದ. ಅವರು ಅನ್ನೂದಿಲ್ಲ. ಅಂದ್ರ ಅವ್ವಾರ ಪೂಜಿ ಕೆಡಿಸ್ತು ಅಂತ ಅಂದಂಗ ಆಗ್ತದ. ಮುದುಕಿ ಜೀವ ಇರೂತನಕ ನೀನೂ ಅನಬ್ಯಾಡ."

ಅದು ನನಗೆ ಒಪ್ಪಿಗೆಯಾಯಿತು. ಸಾಯುತ್ತಿರುವ ಮುದುಕಿಗೆ ನಿನ್ನ ಪದ್ಧತಿಯಿಂದ ಹೀಗಾಯಿತು ಎಂದು ಹೇಳಬೇಕೆಂಬ ಹಟ ನನಗೂ ಇರಲಿಲ್ಲ. ಕೆಲವು ದಿನ ನನ್ನ ಮೇಲೆ ಇರಲಿ, ಆಮೇಲೆ ಅಪ್ಪ ಸರಿಮಾಡುತ್ತಾನೆ ಎಂದುಕೊಂಡೆ. ಆದರೆ ಅಜ್ಜಿಗೆ ಅಷ್ಟರಲ್ಲಿ ಸುದ್ದಿ ಮುಟ್ಟಿತ್ತು, ಕಾಕಾ ಹೇಳಿದ ರೀತಿಯಲ್ಲಿ. ಒಂದು ಮಧ್ಯಾಹ್ನ ಗಂಜಿ ಕುಡಿಸಲು ಹೋದಾಗ ನನ್ನ ಕೈ ಹಿಡಿದುಕೊಂಡಳು. ಬೆರಳುಗಳನ್ನು ಒಂದೊಂದಾಗಿ ಸವರಿದಳು.

"ಕೈ ತಪ್ಪತಾವ ಬಾಳಾ. ಮನಸಿಗೆ ಹಚ್ಚಿಕೋಬ್ಯಾಡ. ನಿಮ್ಮಜ್ಜನ ಕೈನೂ ತಪ್ಪತಿದ್ದು."

ನಾನು ಹೂಂ ಎಂದೆ. ಗಂಜಿ ಆರಿಹೋಗಿತ್ತು, ಬಿಸಿ ಮಾಡಿ ತರುತ್ತೇನೆ ಎಂದು ಎದ್ದು ಬಂದೆ. ನನ್ನನ್ನು ಕ್ಷಮಿಸಿದ ಸಮಾಧಾನದಲ್ಲಿ ಅವಳು ಆ ದಿನ ಚೆನ್ನಾಗಿ ನಿದ್ದೆ ಮಾಡಿದಳಂತೆ.

ಸಂಕ್ರಾಂತಿ ಆಗಿ ಸ್ವಲ್ಪ ದಿನಕ್ಕೆ ಅಜ್ಜಿ ಹೋದಳು. ಹದಿಮೂರನೆಯ ದಿನದ ಕೆಲಸ ಮುಗಿಯುವ ತನಕ ನಾನು ಸುಮ್ಮನಿದ್ದೆ. ಆಮೇಲೆ ದಿನವೂ ಬೆಳಿಗ್ಗೆ ಅಪ್ಪ ಶಟರ್ ಎತ್ತುವಾಗ ಕಾಯುತ್ತಿದ್ದೆ. ಇವತ್ತು ತಮ್ಮನನ್ನು ಕರೆದು ಹೇಳುತ್ತಾನೆ, ಇಲ್ಲ ನಾಳೆ. ಹೇಳದೆ ಇರಲು ಇದ್ದ ಕಾರಣ ಈಗ ಫೋಟೋ ಆಗಿ, ನಾವೇ ಹಾಕಿದ ಚೌಕಟ್ಟಿನಲ್ಲಿ, ದೇವರ ಕೋಣೆಯ ಹೊರಗೆ ತೂಗುತ್ತಿತ್ತು. ಅಪ್ಪ ಏನೂ ಹೇಳಲಿಲ್ಲ. ಆಗ ನನಗೆ ತಿಳಿದದ್ದು, ಅಜ್ಜಿಯದು ಒಂದು ನೆಪ. ಮುಚ್ಚಳ ತೆಗೆದದ್ದು ಅಜ್ಜಿಯಲ್ಲ. ಮಗಳಿಗೆ ಕಣ್ಣು ಮುಚ್ಚಿಸಿ ಕಲಿಸಿದವನು, ಊರಿಗೆಲ್ಲ ಬಳೆಯ ಪಾಠ ಹೇಳಿದವನು, ತಾನೇ ಕ್ಯಾಮೆರಾವನ್ನು ಮೇಲ್ಮುಖ ಮಲಗಿಸಿ ಕುಂಕುಮ ಹಾಕಿದೆ ಎಂದು ತಮ್ಮನ ಎದುರು ಹೇಳಬೇಕಿತ್ತು. ಅದಕ್ಕಿಂತ ನಾನು ಕೈ ತಪ್ಪಿದವಳಾಗಿ ಉಳಿಯುವುದು ಅವನಿಗೆ ಸುಲಭವಾಯಿತು.

ಬೇಸಿಗೆಯ ಮದುವೆಗಳು ಶುರುವಾಗುವ ಮೊದಲು ಕಾಕಾನ ಮಗನ ಕೈಗೆ ಡಿಜಿಟಲ್ ಹೋಯಿತು. ಯಾರೂ ಕೂತು ತೀರ್ಮಾನ ಮಾಡಲಿಲ್ಲ. ಒಂದು ದಿನ ಅವನು ಅದನ್ನು ಕೊರಳಿಗೆ ಹಾಕಿಕೊಂಡು ಮೆಟ್ಟಿಲಿಳಿದ, ಅಷ್ಟೇ. "ಅಕ್ಕಾ, ಇದರಾಗ ಕಂಡಿ ಸಣ್ಣದು ಹ್ಯಾಂಗ ಮಾಡೂದು?" ಎಂದು ನನ್ನನ್ನೇ ಕೇಳಿದ. ತೋರಿಸಿಕೊಟ್ಟೆ. ಅವನದು ತಪ್ಪಿರಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ಲೆನ್ಸ್ ಬದಲಿಸುವುದನ್ನು ಒಮ್ಮೆ ಕಂಡೆ, ಬಾಯಿ ಮೇಲೆ ಮಾಡಿಕೊಂಡು. ಕಾಕಾನೂ ಅಪ್ಪನೂ ಅಲ್ಲೇ ಇದ್ದರು. ಯಾರೂ ಬಯ್ಯಲಿಲ್ಲ.

ನನಗೆ ಕೌಂಟರಿನ ಕೆಲಸ ಉಳಿಯಿತು, ಪಾಸ್‌ಪೋರ್ಟ್ ಫೋಟೋ, ಲ್ಯಾಮಿನೇಶನ್ನು. ಮದುಮಗಳ ಕೋಣೆಗೆ ಕಾಕಾನ ಹೆಂಡತಿ ಕಾಕೂ ಹೋಗತೊಡಗಿದಳು, ಫಿಲ್ಮ್ ಕ್ಯಾಮೆರಾ ಹಿಡಿದುಕೊಂಡು. ಅರ್ಧ ಫೋಟೋಗಳಲ್ಲಿ ತಲೆ ಇರುತ್ತಿರಲಿಲ್ಲ. ಆ ವಿಷಯಕ್ಕೆ ಮನೆಯಲ್ಲಿ ನಗೆ ಇರುತ್ತಿತ್ತು. ನನ್ನ ಒಂದು ಚುಕ್ಕೆಗೆ ಯಾರೂ ನಕ್ಕಿರಲಿಲ್ಲ.

ಒಂದು ಸಂಜೆ ಅಪ್ಪ ನನ್ನನ್ನು ಕರೆದು ಒಂದು ಲೆನ್ಸನ್ನು ಕೈಯಲ್ಲಿಟ್ಟ. ಅವನು ಧಾರವಾಡದಿಂದ ತಂದಿದ್ದು, ಎಲ್ಲಕ್ಕಿಂತ ಮೊದಲಿನದು. ಬಾಡಿಗಳು ಎರಡು ವರ್ಷಕ್ಕೆ ಹಳೆಯದಾಗುತ್ತವೆ, ಲೆನ್ಸು ಆಯುಷ್ಯವಿಡೀ ಉಳಿಯುತ್ತದೆ, ಇದು ನಿನ್ನದು ಎಂದ. ಮಾತು ನಿಜವೇ. ಕಂಪನಿಯ ಹ್ಯಾಂಡ್‌ಬಿಲ್ಲಿನಲ್ಲೂ ಹಾಗೆಯೇ ಬರೆದಿತ್ತು. ಲೆನ್ಸನ್ನು ಕಣ್ಣಿನ ಮುಂದೆ ಚಾಚಿ ಹಿಡಿದು ಅವನನ್ನು ನೋಡಿದೆ. ತಲೆಕೆಳಗಾಗಿ, ಪುಟ್ಟದಾಗಿ ಕಂಡ. ಬಾಡಿ ಇಲ್ಲದ ಲೆನ್ಸಿನಿಂದ ಮಾಡಬಹುದಾದದ್ದು ಅಷ್ಟೇ.

"ಹಾಕೂದು ಯಾವುದಕ್ಕ?" ಎಂದು ಕೇಳಿದೆ.

"ಬರ್ತದ, ಬರ್ತದ. ಬಳಿ ಒಂದ ಅದ ಅಲ್ಲ," ಎಂದ.

ಮಳೆಗಾಲಕ್ಕೆ ನಾನು ಯೆರವಡಾದ ಒಂದು ಐಟಿ ಪಾರ್ಕಿನಲ್ಲಿ ಗುರುತಿನ ಚೀಟಿ ಮಾಡುವ ಕೆಲಸಕ್ಕೆ ಸೇರಿದೆ. ಹೊಸದಾಗಿ ಸೇರುವವರನ್ನು ನೀಲಿ ಪರದೆಯ ಮುಂದೆ ಕೂರಿಸಿ ಫೋಟೋ ತೆಗೆಯುವುದು. ಕ್ಯಾಮೆರಾ ಮೇಜಿಗೆ ಸ್ಕ್ರೂ ಹಾಕಿ ಕೂರಿಸಿದ್ದು, ಅಂಗೈಯಷ್ಟು. ಅದರ ಲೆನ್ಸ್ ಬರುವುದಿಲ್ಲ, ಬ್ಯಾಟರಿ ಇಲ್ಲ, ವಾಯರಿನಿಂದ ನಡೆಯುತ್ತದೆ. ಬಿಚ್ಚಲು ಏನೂ ಇಲ್ಲ. ಕೆಟ್ಟರೆ ಇಡಿಯಾಗಿ ಎಸೆದು ಇನ್ನೊಂದು ತರುತ್ತಾರೆ. ಮೊದಲ ವಾರ ಎಷ್ಟು ಮುಖ ತೆಗೆದೆ ಎಂದು ಡೈರಿಯಲ್ಲಿ ಬರೆದೆ. ಆಮೇಲೆ ಬರೆಯಲಿಲ್ಲ. ನನ್ನ ಲೆನ್ಸು ಕಾಲುಚೀಲದಲ್ಲಿ ಸುತ್ತಿ ಟ್ರಂಕಿನಲ್ಲಿತ್ತು. ಮಳೆ ಮುಗಿದ ಮೇಲೆ ತೆಗೆದು ನೋಡಿದಾಗ ಕಾಜಿನ ಒಳಗೆ ಬೂಷ್ಟು ಹಿಡಿದು, ಬೇರಿನ ಹಾಗೆ ಎಳೆಗಳು ಹರಡಿದ್ದವು. ಬಳಸದ ಲೆನ್ಸಿಗೆ ಹಾಗಾಗುತ್ತದೆ ಎಂದು ಅಪ್ಪನೇ ಯಾವಾಗಲೋ ಹೇಳಿದ್ದ.

೨೦೦೫ರ ಖಂಡೆನವಮಿಗೆ ರಜೆ ಹಾಕಿದ್ದೆ. ಅಜ್ಜಿ ತೀರಿಕೊಂಡ ವರ್ಷವಾದ್ದರಿಂದ ಪೂಜೆ ಸಣ್ಣದಾಗಿ ಮಾಡೋಣ ಎಂದಿದ್ದರು, ಬಿಡಲಾಗುವುದಿಲ್ಲ ಎಂದು. ಅಂಗಡಿಯಲ್ಲಿ ಕೆಂಪು ಬಟ್ಟೆ ಹಾಸಿತ್ತು. ಕತ್ತರಿ ಬಾಯಿ ತೆರೆದಿತ್ತು. ಎರಡು ಫಿಲ್ಮ್ ಕ್ಯಾಮೆರಾಗಳು ಲೆನ್ಸ್ ಬೇರೆ, ಬೆನ್ನು ಬಾಗಿಲು ತೆರೆದು, ಎಂದಿನಂತೆ. ಅಪ್ಪ ಕಪಾಟಿನಿಂದ ಡಿಜಿಟಲ್ ಬಾಡಿಯನ್ನು ತಂದ. ಅದರ ಬಾಯಿಗೆ ಮುಚ್ಚಳ ಇತ್ತು. ಮುಚ್ಚಳದ ಮೇಲೆ ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್ ಹಾಕಿದ್ದ. ಅದನ್ನು ಅದರ ಕೈಚೀಲದೊಳಗೆ ಇಟ್ಟು, ಜಿಪ್ ಎಳೆದು, ಚೀಲವನ್ನು ಬಟ್ಟೆಯ ತುದಿಯಲ್ಲಿ, ಎಲ್ಲದಕ್ಕಿಂತ ದೂರ ಇಟ್ಟ. ಕುಂಕುಮವನ್ನು ಈ ಸಲ ಒಣಗಿದ್ದು ಏರಿಸಲಿಲ್ಲ. ನೀರಲ್ಲಿ ಕಲಸಿ, ಚೀಲದ ಹಿಡಿಕೆಗೆ ಒಂದು ಬೊಟ್ಟು ಇಟ್ಟ. ಫ್ಯಾನು ಮೊದಲೇ ನಿಂತಿತ್ತು.

ಕಾಕಾ ನೋಡಿದ. ಅವನಿಗೆ ಅರ್ಥವಾದದ್ದು ಅವನ ಮುಖದಲ್ಲಿ ಕಂಡಿತು, ಯಾಕೆಂದರೆ ಮುಂದಿನ ಗಳಿಗೆ ಅವನು ನನ್ನ ಕಡೆ ನೋಡಿ, ಕೂಡಲೇ ಊದುಬತ್ತಿ ಹಚ್ಚಲು ಬೆಂಕಿಪೊಟ್ಟಣ ಹುಡುಕತೊಡಗಿದ. ಅದು ಅವನ ಕೈಯಲ್ಲೇ ಇತ್ತು. ಅವ್ವ ನನ್ನ ಮೊಣಕೈ ಮುಟ್ಟಿದಳು. ಆದರೂ ಕೇಳಿದೆ.

"ಈ ವರ್ಷ ಬಿಚ್ಚಲಿಲ್ಲ, ಅಪ್ಪಾ?"

ಅಪ್ಪ ಹೂ ಇಡುತ್ತಿದ್ದ. ಕೈ ನಿಲ್ಲಲಿಲ್ಲ.

"ಧೂಳು ಭಾಳ ಅದ ಈ ಸಲ," ಎಂದ.

ಆ ಮಧ್ಯಾಹ್ನ ಕಾತ್ರಜ ಘಾಟಿನ ಕಡೆಯಿಂದ ಮಳೆ ಬಂದು ಹೋಗಿತ್ತು. ಶಟರಿನ ಹೊರಗೆ ರಸ್ತೆ ಇನ್ನೂ ಹಸಿಯಾಗಿತ್ತು, ರಿಕ್ಷಾಗಳು ನೀರು ಚಿಮ್ಮಿಸಿಕೊಂಡು ಹೋಗುತ್ತಿದ್ದವು. ಎಲ್ಲರೂ ಆರತಿಗೆ ಎದ್ದು ನಿಂತರು. ಹಾಡು ಮುಗಿದ ಮೇಲೆ ಅಪ್ಪ ತಟ್ಟೆ ಹಿಡಿದು ಒಬ್ಬೊಬ್ಬರ ಮುಂದೆ ಬಂದ. ನನ್ನ ಮುಂದೆ ಬಂದಾಗ ತಟ್ಟೆ ಸ್ವಲ್ಪ ಹೆಚ್ಚು ಹೊತ್ತು ನಿಂತಿತು. ನಾನು ಎರಡೂ ಕೈ ದೀಪದ ಮೇಲೆ ಹಿಡಿದು ಕಣ್ಣಿಗೆ ಒತ್ತಿಕೊಂಡೆ. ಅವನು ಮುಂದೆ ಹೋದ.